ತಿಳೀತೇನ್ರಿಪಾ?

ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸಿನಲ್ಲಿ ಓದುತ್ತಿದ್ದೇನೆ. ನಮ್ಮೂರು ಕೊಪ್ಪಳ ಜಿಲ್ಲೆಯಲ್ಲಿ, ತುಂಗಭದ್ರಾ ಡ್ಯಾಮಿನ ಎಡದಂಡೆ ಕಡೆ. ಡ್ಯಾಮಿಗೆ ಬಸ್ಸಿನಲ್ಲಿ ಅರ್ಧ ಗಂಟೆ ದಾರಿ, ಅದೂ ಬಸ್ಸು ಸಿಕ್ಕರೆ. ಮೈಕ್ ಮುಂದೆ ಕೂತು ಮಾತಾಡುತ್ತಿರೋದು ಇದೇ ಮೊದಲು. ಗಾಜಿನ ಆಚೆ ಕೂತಿರುವ ಮೇಡಂ "ಹೆದರಬೇಡ, ಮನೆಯಲ್ಲಿ ಮಾತಾಡಿದ ಹಾಗೆ ಮಾತಾಡು" ಅಂದಿದ್ದಾರೆ. ನಾನು ಮನೆಯಲ್ಲಿ ಮಾತಾಡೋ ಹಾಗೆ ಇಲ್ಲಿ ಮಾತಾಡಿದರೆ ಕೆಲವರಿಗೆ ನಗು ಬರಬಹುದು. ಆ ಕಥೆ ಆಮೇಲೆ ಹೇಳ್ತೀನಿ.

ಶಿಕ್ಷಕರ ಬಗ್ಗೆ, ಕಲಿಯೋದರ ಬಗ್ಗೆ ಮಾತಾಡು ಅಂತ ಹೇಳಿದರು. ಇದನ್ನು ಕೇಳಿದ ಕೂಡಲೇ ನನ್ನ ಗೆಳತಿ "ಸೆಪ್ಟೆಂಬರ್ 5ರ ಭಾಷಣಾನೇ ಓದಿಬಿಡು, ಯಾರಿಗೆ ಗೊತ್ತಾಗುತ್ತೆ" ಅಂದಳು. ಆ ಭಾಷಣ ನಮ್ಮ ಶಾಲೆಯಲ್ಲಿ ಎಲ್ಲರಿಗೂ ಬಾಯಿಪಾಠ. ರಾಧಾಕೃಷ್ಣನ್ ಅವರು 1921ರಲ್ಲಿ ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತಾಗೆ ಹೊರಟಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್‌ವರೆಗೆ ಎಳೆದುಕೊಂಡು ಹೋದರು, ಹೂವು ಹಾಕಿದರು. ಪ್ರತಿ ವರ್ಷ ಕೇಳ್ತೀವಿ. ಕ್ಲಾಸಿನಲ್ಲಿ ಆ ಹುಡುಗರು ಎದ್ದು ನಿಂತು ಅವರನ್ನು ಏನಾದರೂ ಪ್ರಶ್ನೆ ಕೇಳುತ್ತಿದ್ದರಾ, ಅವರು ಏನು ಹೇಳುತ್ತಿದ್ದರು, ಅದು ಮಾತ್ರ ಆ ಭಾಷಣದಲ್ಲಿ ಬರೋದೇ ಇಲ್ಲ. ನನಗೆ ಅದರ ಬಗ್ಗೆಯೇ ಮಾತಾಡಬೇಕು ಅನ್ನಿಸಿದೆ. ಕ್ಲಾಸಿನಲ್ಲಿ ಪ್ರಶ್ನೆ ಕೇಳೋದರ ಬಗ್ಗೆ.

ನಮ್ಮ ಗಣಿತದ ಸರ್ ಒಳ್ಳೆಯವರು. ಬೋರ್ಡ್ ಮೇಲೆ ಅವರ ಅಕ್ಷರ ಮುತ್ತಿನ ಹಾಗೆ. ಲೆಕ್ಕ ಮುಗಿಸಿ, ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಜಾಡಿಸಿ, ನಮ್ಮ ಕಡೆ ತಿರುಗಿ ಕೇಳ್ತಾರೆ: "ತಿಳೀತೇನ್ರಿಪಾ?" ನಾವು 52 ಮಂದಿ ಒಂದೇ ದನಿಯಲ್ಲಿ "ತಿಳೀತ್ರೀ ಸರ!" ಅಂತೀವಿ. ಅದು ಎಷ್ಟು ಜೋರು ಅಂದರೆ, ಪಕ್ಕದ ಕೋಣೆಯ ಎಂಟನೇ ಕ್ಲಾಸಿನವರೂ ಒಮ್ಮೊಮ್ಮೆ ದನಿ ಸೇರಿಸುತ್ತಾರೆ. ಅವರಿಗೆ ಏನು ತಿಳೀತೋ ದೇವರೇ ಬಲ್ಲ. ನಾನು ಗಮನಿಸಿದ ಒಂದು ವಿಷಯ ಇದೆ, ಎಲ್ಲರಿಗಿಂತ ಜೋರಾಗಿ "ತಿಳೀತ್ರೀ" ಅಂತ ಕೂಗೋರು ಏನೂ ತಿಳಿಯದವರೇ. ನಾನೂ ಹಾಗೆ ಕೂಗಿದವಳೇ, ಸುಳ್ಳು ಯಾಕೆ ಹೇಳಲಿ.

ಈ ವರ್ಷ ಗಣಿತದಲ್ಲಿ ಸಮಾಂತರ ಶ್ರೇಢಿ ಅಂತ ಒಂದು ಪಾಠ ಬಂತು, ಒಂದೇ ವ್ಯತ್ಯಾಸದಲ್ಲಿ ಮುಂದೆ ಹೋಗೋ ಸಂಖ್ಯೆಗಳ ಸಾಲು. ಅದರಲ್ಲಿ ಒಂದು ಸೂತ್ರ ಇದೆ. ಹತ್ತನೇ ಪದ ಬೇಕಾದರೆ ಮೊದಲ ಪದಕ್ಕೆ ವ್ಯತ್ಯಾಸವನ್ನು ಒಂಬತ್ತು ಸಲ ಕೂಡಿಸಬೇಕು. ಎನ್ ಮೈನಸ್ ಒಂದು. ಹತ್ತನೇ ಪದಕ್ಕೆ ಹತ್ತು ಸಲ ಯಾಕಲ್ಲ, ಒಂಬತ್ತು ಸಲ ಯಾಕೆ? ಇಷ್ಟೇ ನನ್ನ ಅನುಮಾನ. ಒಂದು ತಿಂಗಳು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಸೂತ್ರ ಬರುತ್ತಿತ್ತು, ಲೆಕ್ಕ ಬರುತ್ತಿತ್ತು, ಟೆಸ್ಟಿನಲ್ಲಿ ಮಾರ್ಕ್ಸೂ ಬಂತು. ಕೊನೆಗೆ ಅದು ತಿಳಿದದ್ದು ನಮ್ಮಪ್ಪ ಹಿತ್ತಲಿನಲ್ಲಿ ಕುರಿಗಳಿಗೆ ಬೇಲಿ ಹಾಕುವಾಗ. ಅಪ್ಪ ಓದಿದ್ದು ಮೂರನೇ ಕ್ಲಾಸು. ನಾನು ಗೂಟ ಹಿಡಿದುಕೊಂಡಿದ್ದೆ, ಅಪ್ಪ ತಂತಿ ಅಳೆಯುತ್ತಾ "ಹತ್ತು ಗೂಟ ನಿಂದ್ರಿಸಿದ್ರ ಸಂದು ಒಂಬತ್ತ ಬರ್ತಾವು, ಅಷ್ಟ ತಂತಿ ಕತ್ತರಿಸು" ಅಂದ. ನಾನು ಗೂಟ ಬಿಟ್ಟು ಹಾಗೇ ನಿಂತುಬಿಟ್ಟೆ. ಬೈಸಿಕೊಂಡೆ ಕೂಡ.

ಇದನ್ನು ಕ್ಲಾಸಿನಲ್ಲೇ ಕೇಳಬಹುದಿತ್ತು, ಅಲ್ವಾ? ಸರ್ ಹೊಡೆಯೋರಲ್ಲ, ಬೈಯೋರೂ ಅಲ್ಲ. ಆದರೂ ಬಾಯಿ ಬರೋದಿಲ್ಲ. ಒಂದನೇ ಕ್ಲಾಸಿನಿಂದ ಎಷ್ಟು ಸಲ ಕೇಳಿದ್ದೀವಿ ನೋಡಿ, "ಇಷ್ಟೂ ಗೊತ್ತಿಲ್ಲೇನು? ಹೋದ ವರ್ಷ ಕತ್ತೆ ಕಾಯಾಕ ಹೋಗಿದ್ದೇನು?" ಇದನ್ನು ಎಲ್ಲಾ ಸರ್‌ಗಳೂ ಹೇಳೋದಿಲ್ಲ. ಒಬ್ಬರು ಒಂದು ಸಲ ಹೇಳಿದರೆ ಸಾಕು, ಹತ್ತು ವರ್ಷಕ್ಕೆ ಸಾಲುತ್ತದೆ. ಜೊತೆಗೆ ಹಿಂದಿನ ಬೆಂಚಿನ ನಗು ಬೇರೆ. ಮತ್ತೆ ಇನ್ನೊಂದು, ಪೋರ್ಷನ್ ಮುಗಿಸಬೇಕು ಅನ್ನೋದು. ಪ್ರಶ್ನೆ ಕೇಳಿದವರಿಂದಲೇ ಪೋರ್ಷನ್ ಹಿಂದೆ ಬಿತ್ತು ಅನ್ನೋ ಹಾಗೆ ಎಲ್ಲರೂ ನೋಡ್ತಾರೆ.

ಈಗ ನಮ್ಮ ಮಾತಿನ ಕಥೆ ಹೇಳ್ತೀನಿ. ಎಂಟನೇ ಕ್ಲಾಸಿಗೆ ನಾವು ಹೈಸ್ಕೂಲಿಗೆ ಬಂದಾಗ ಬೇರೆ ಕಡೆಯಿಂದ ಬಂದ ಒಬ್ಬ ಸರ್ ಇದ್ದರು. ಅವರ ಪಾಠ ಚೆನ್ನಾಗಿತ್ತು, ನನಗೆ ಇಷ್ಟ ಆಗಿತ್ತು ಕೂಡ. ಒಂದು ದಿನ ಧೈರ್ಯ ಮಾಡಿ ಎದ್ದು "ಸರ, ಇದು ಹ್ಯಾಂಗ ಬಂತ್ರಿ?" ಅಂತ ಕೇಳಿದೆ. ಅವರು ನಕ್ಕರು. "ಹ್ಯಾಂಗ ಬಂತ್ರಿ" ಅಂತ ನನ್ನ ಹಾಗೇ ಹೇಳಿ ತೋರಿಸಿದರು. ಕೆಟ್ಟ ಮನಸ್ಸಿನಿಂದ ಅಲ್ಲ, ಸುಮ್ನೆ ತಮಾಷೆಗೆ. ಇಡೀ ಕ್ಲಾಸು ನಕ್ಕಿತು. ನಕ್ಕವರೆಲ್ಲ ನನ್ನ ಹಾಗೇ ಮಾತಾಡೋರು, ಅವರ ಮನೆಯಲ್ಲೂ "ಹ್ಯಾಂಗ" ಅಂತಾನೇ ಅಂತಾರೆ, ಆದರೂ ನಕ್ಕರು. ಪ್ರಶ್ನೆ ಏನಿತ್ತು ಅನ್ನೋದು ಸರ್‌ಗೂ ಮರೆತುಹೋಯಿತು, ನನಗೂ ಮರೆತುಹೋಯಿತು. ಆ ವರ್ಷ ದೀಪಾವಳಿವರೆಗೆ ನಾನು ಕ್ಲಾಸಿನಲ್ಲಿ ಹಾಜರಿಗೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯಲಿಲ್ಲ.

ಬಾಯಿ ತೆರೆಸಿದವರು ಕನ್ನಡ ಮೇಡಂ. ಅವರು ಪಾಠದ ನಡುವೆ ಎಲ್ಲೆಲ್ಲಿಗೋ ಹೋಗೋರು, ಅದಕ್ಕೇ ಅವರ ಪಾಠ ನೆನಪಿರುತ್ತದೆ. ಒಂದು ದಿನ ಬೋರ್ಡ್ ಮೇಲೆ ನಾಲ್ಕು ಊರಿನ ಹೆಸರು ಬರೆದರು. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲಿ ಈ ನಾಲ್ಕು ಊರುಗಳ ನಡುವಿನ ನಾಡನ್ನು ಕನ್ನಡದ ತಿರುಳು ಅಂತ ಹೇಳಿದೆ ಅಂದರು. ಕಿಸುವೊಳಲು ಅಂದರೆ ಪಟ್ಟದಕಲ್ಲು, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ, ಒಕ್ಕುಂದ ಬೆಳಗಾವಿ ಕಡೆ. ಕೊಪಣ ಯಾವುದು ಅಂತ ಕೇಳಿದರು. ಯಾರೂ ಹೇಳಲಿಲ್ಲ. "ನೀವು ದಿನಾ ಬಸ್ ಇಳಿಯೋ ಊರು ಕಣ್ರೋ" ಅಂದರು. ಕೊಪ್ಪಳ! ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು "ಹಂಗಾದ್ರ ನಾವ ಕರೆಕ್ಟ್ ಏನ್ರೀ ಮೇಡಂ?" ಅಂದ. ಮೇಡಂ ನಕ್ಕು, "ನೀವೂ ಕರೆಕ್ಟ್, ಎಲ್ಲರೂ ಕರೆಕ್ಟ್. ಆದರೆ ಪರೀಕ್ಷೆಯಲ್ಲಿ ಪುಸ್ತಕದ ಕನ್ನಡ ಬರೀರಿ, ಪೇಪರ್ ತಿದ್ದೋರು ಯಾವ ಕಡೆಯವರೋ ಏನೋ" ಅಂದರು. ಸಾವಿರ ವರ್ಷದ ಹಿಂದಿನ ಕನ್ನಡ ಬೇರೆ, ನಮ್ಮದು ಬೇರೆ, ಅದು ನನಗೂ ಗೊತ್ತು. ಆದರೂ ಅವತ್ತು ಸಂಜೆ ಬಸ್ಸಿನಲ್ಲಿ ನಾವು ಬೇಕಂತಲೇ ಜೋರಾಗಿ ಮಾತಾಡಿಕೊಂಡು ಬಂದೆವು. ಮರುವಾರದಿಂದ ನಾನು ಮತ್ತೆ "ಹ್ಯಾಂಗ ಬಂತ್ರಿ" ಶುರು ಮಾಡಿದೆ.

ಒಂಬತ್ತನೇ ಕ್ಲಾಸಿನಲ್ಲಿ ನಮಗೆ ವಿಜ್ಞಾನಕ್ಕೆ ಒಬ್ಬ ಅತಿಥಿ ಶಿಕ್ಷಕರು ಬಂದರು. ಅತಿಥಿ ಶಿಕ್ಷಕರು ಅಂದರೆ ಗೊತ್ತಲ್ಲ, ಶಾಲೆ ಶುರುವಾಗಿ ಎಷ್ಟೋ ದಿನ ಆದಮೇಲೆ ಬರ್ತಾರೆ, ಮಾರ್ಚಿಗೆ ಹೋಗ್ತಾರೆ. ನಮ್ಮ ಕಡೆ ಶಾಲೆಗಳಲ್ಲಿ ಇಂಥವರು ಜಾಸ್ತಿ. ಆ ಸರ್ ತುಂಬಾ ಚಿಕ್ಕವರು, ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ.

2024ರ ಆಗಸ್ಟ್ 10, ಶನಿವಾರ ರಾತ್ರಿ, ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಭಾನುವಾರ ಊರೆಲ್ಲ ಅದೇ ಮಾತು. ಭತ್ತ ನಾಟಿ ಆಗಿತ್ತು, ಡ್ಯಾಮು ತುಂಬಿತ್ತು, ಈಗ ನೀರೆಲ್ಲ ಹೊಳೆಗೆ ಹೋಗ್ತಾ ಇದೆ. ಕಟ್ಟೆಯ ಮೇಲೆ ಕೂತ ಹಿರಿಯರು ಒಂದು ಮಾತನ್ನೇ ತಿರುಗಿಸಿ ತಿರುಗಿಸಿ ಹೇಳುತ್ತಿದ್ದರು. ಮುರಿದದ್ದು ಒಂದು ಗೇಟು, ಇವರು ಉಳಿದ ಗೇಟುಗಳನ್ನೂ ಯಾಕೆ ತೆಗೆದರು? ಇನ್ನೂ ಜಾಸ್ತಿ ನೀರು ಹೋಗೋದಿಲ್ವಾ? ಸೋಮವಾರ ಕ್ಲಾಸಿನಲ್ಲಿ ನಾನು ಅದನ್ನೇ ಕೇಳಿದೆ.

ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನನ್ನ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ಸುತ್ತಲೂ ಒಂದು ಚೌಕ ಹಾಕಿ, "ನನಗೂ ಪೂರ್ತಿ ಗೊತ್ತಿಲ್ಲ. ನಾಳೆ ತನಕ ಟೈಮ್ ಕೊಡ್ರಿ" ಅಂದರು.

ಕ್ಲಾಸು ಗಪ್ಪಾಯಿತು. ಒಂಬತ್ತು ವರ್ಷದಲ್ಲಿ ಯಾವ ಸರ್ ಬಾಯಲ್ಲೂ ನಾವು ಆ ಮಾತು ಕೇಳಿರಲಿಲ್ಲ. ಇಬ್ಬರು ಹುಡುಗರು ಹೊರಗೆ ಬಂದಮೇಲೆ "ಇವ್ರಿಗೆ ಏನೂ ಬರಂಗಿಲ್ಲ" ಅಂತ ಆಡಿಕೊಂಡರು. ಅದೂ ಆಯಿತು.

ಮಂಗಳವಾರ ಸರ್ ಒಂದು ಖಾಲಿ ನೀರಿನ ಬಾಟಲಿ ತಂದರು. ಮೇಲೆ, ನಡುವೆ, ಕೆಳಗೆ ಮೂರು ತೂತು. ನೀರು ತುಂಬಿಸಿದರೆ ಕೆಳಗಿನ ತೂತಿನಿಂದ ನೀರು ಜೋರಾಗಿ ದೂರಕ್ಕೆ ಚಿಮ್ಮಿತು, ಮೇಲಿನದು ಸುಮ್ನೆ ಸೋರಿತು. ನೀರು ಇಳಿದ ಹಾಗೆ ಮೂರೂ ಸೋತವು. ಎಂಟನೇ ಕ್ಲಾಸಿನಲ್ಲಿ "ಬಲ ಮತ್ತು ಒತ್ತಡ" ಪಾಠ ಆಗಿತ್ತು, ವ್ಯಾಖ್ಯೆ ಈಗಲೂ ಬರುತ್ತೆ, ಒತ್ತಡ ಅಂದರೆ ಏನು ಅಂತ ಕಣ್ಣಿಗೆ ಕಂಡದ್ದು ಅವತ್ತು. ಆಮೇಲೆ ಲೆಕ್ಕ. ಡ್ಯಾಮಿನಲ್ಲಿ 33 ಗೇಟು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ನೀರು ಗೇಟಿನ ತುದಿವರೆಗೆ ನಿಂತರೆ ಅದು ಗೇಟನ್ನು ಎಷ್ಟು ತಳ್ಳುತ್ತದೆ? ಮೇಲೆ ಒತ್ತಡ ಸೊನ್ನೆ, ಕೆಳಗೆ ಪೂರ್ತಿ, ಹಾಗಾಗಿ ಸರಾಸರಿಗೆ ಅರ್ಧ ಎತ್ತರ ತಗೋಬೇಕು. ಅಡಿಯನ್ನು ಮೀಟರ್ ಮಾಡಿ, ಗುಣಿಸಿ, ಎರಡು ಸಲ ತಪ್ಪು ಮಾಡಿ, ಕೊನೆಗೆ ಸುಮಾರು 340 ಟನ್ ಬಂತು. ಒಂದು ಗೇಟಿನ ಮೇಲೆ! ಹತ್ತತ್ತು ಟನ್ ಭತ್ತ ತುಂಬಿದ 34 ಲಾರಿ ಬಂದು ಒತ್ತಿದ ಹಾಗೆ.

ನೀರು ಅರ್ಧಕ್ಕೆ ಇಳಿದರೆ ಎಷ್ಟು ಅಂತ ಕೇಳಿದರು. ಎಲ್ಲರೂ "170" ಅಂದೆವು. ಲೆಕ್ಕ ಮಾಡಿದರೆ 85. ನೀರು ತಾಗುವ ಜಾಗವೂ ಅರ್ಧ, ಸರಾಸರಿ ಒತ್ತಡವೂ ಅರ್ಧ, ಹಾಗಾಗಿ ಭಾರ ಕಾಲುಭಾಗ. ಆಗ ನನ್ನ ಪ್ರಶ್ನೆಗೆ ಉತ್ತರ ತಾನಾಗೇ ಸಿಕ್ಕಿತು. ಉಳಿದ ಗೇಟು ತೆಗೆದು ಮಟ್ಟ ಇಳಿಸಿದರೆ ಡ್ಯಾಮಿನ ಮೇಲಿನ ಭಾರವೂ ಇಳಿಯುತ್ತದೆ, ಮುರಿದ ಜಾಗದಲ್ಲಿ ಏನಾದರೂ ಇಳಿಸುವುದಕ್ಕೂ ಅನುಕೂಲ. ಆ ವಾರವೇ ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು, ಅಂದರೆ ಸ್ಟಾಪ್‌ಲಾಗ್ ಇಳಿಸಿದರು. ಒಂದೇ ದೊಡ್ಡ ಗೇಟು ಅಲ್ಲ, 4 ಅಡಿ ಎತ್ತರದ 5 ತುಂಡು. ಐದು ನಾಲ್ಕಲೆ ಇಪ್ಪತ್ತು. ಮೊದಲ ತುಂಡು ಕೂತ ಸುದ್ದಿ ಬಂದಾಗ ನಮಗೆ ನಾವೇ ಕೂಡಿಸಿದಷ್ಟು ಖುಷಿ.

ನಾನು ಮನೆಗೆ ಹೋಗಿ ಬಾಟಲಿಗೆ ತೂತು ಹಾಕಿ ಕಟ್ಟೆಯ ಮೇಲಿನ ಹಿರಿಯರಿಗೂ ತೋರಿಸಿದೆ. ಒಬ್ಬರು "ಮತ್ತ ಈ ಮಾತು ನಮಗ ಯಾರೂ ಹೇಳಲಿಲ್ಲಲ್ಲ" ಅಂದರು.

ಆ ಸರ್ ಈ ವರ್ಷ ಬರಲಿಲ್ಲ. ಬೇರೆ ಊರಲ್ಲಿ ಕೆಲಸ ಸಿಕ್ಕಿತಂತೆ. ಗೇಟುಗಳನ್ನು ಹೊಸದಾಗಿ ಹಾಕುವ ಕೆಲಸಕ್ಕೆ ಈ ಸಲ ಎರಡನೇ ಬೆಳೆಗೆ ನೀರಿಲ್ಲ ಅಂತ ಆದಾಗ, ಅವರಿದ್ದಿದ್ದರೆ ಅದಕ್ಕೂ ಒಂದು ಲೆಕ್ಕ ಮಾಡಿಸುತ್ತಿದ್ದರು ಅನ್ನಿಸಿತು. ನಮ್ಮ ಓಣಿಯಿಂದ ಎರಡು ಮನೆಯವರು ಗುಳೆ ಹೋದರು.

ಸಮಾಜ ವಿಜ್ಞಾನದ ಸರ್ ಒಂದು ಸಲ ನಮ್ಮನ್ನು ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿಗೆ ಕರೆದುಕೊಂಡು ಹೋಗಿದ್ದರು. ಎರಡೂ ಕಡೆ ಅಶೋಕನ ಶಾಸನ ಇದೆ. ಗವಿಮಠದ ಜಾತ್ರೆಗೆ ಪ್ರತಿ ವರ್ಷ ಹೋಗ್ತೀವಿ, ಮಿರ್ಚಿ ತಿಂದು ಬರ್ತೀವಿ, ಅಲ್ಲೇ ಬಂಡೆಯ ಮೇಲೆ ಅಶೋಕ ಇದ್ದಾನೆ ಅಂತ ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. ಪಾಲ್ಕಿಗುಂಡು ಹತ್ತುವಾಗ ಎಲ್ಲರಿಗೂ ಏದುಸಿರು. ಸರ್ ಹೇಳಿದರು, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೊಳದ ಶಾಸನಗಳಲ್ಲಿ ತಂದೆ ತಾಯಿ ಮಾತು ಕೇಳಬೇಕು, ಶಿಷ್ಯರು ಗುರುಗಳಿಗೆ ಗೌರವ ಕೊಡಬೇಕು ಅಂತ ಬರೆಸಿದ್ದಾನೆ ಅಂತ. ಹೇಳಿ ನಮ್ಮ ಕಡೆ ಒಂದು ನೋಟ ನೋಡಿದರು. ನಾವೆಲ್ಲ ಶಿಸ್ತಾಗಿ ನಿಂತುಕೊಂಡೆವು.

"ಹಂಗಾದ್ರ ನಮ್ಮೂರ ಕಲ್ಲಿನ್ಯಾಗ ಏನ್ ಬರ್ಸ್ಯಾನ್ರಿ?" ಅಂತ ನಾನು ಕೇಳಿದೆ. ಅದು ಬೇರೆ ಅಂದರು. ಅದರಲ್ಲಿ ಅಶೋಕ ತನ್ನ ಬಗ್ಗೆ ಹೇಳಿಕೊಂಡಿದ್ದಾನಂತೆ: ನಾನು ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಒಂದು ವರ್ಷ ನಾನು ಅಷ್ಟೇನೂ ಪ್ರಯತ್ನ ಮಾಡಲಿಲ್ಲ, ಆಮೇಲೆ ಜೋರಾಗಿ ಮಾಡಿದೆ, ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಆಗುತ್ತದೆ ಅಂತ ಅದರ ಅರ್ಥ. ನನಗೆ ತುಂಬಾ ಆಶ್ಚರ್ಯ ಆಯಿತು. ಅಷ್ಟು ದೊಡ್ಡ ರಾಜ, ಒಂದು ವರ್ಷ ನಾನು ಸರಿಯಾಗಿ ಮಾಡಲಿಲ್ಲ ಅಂತ ಕಲ್ಲಿನ ಮೇಲೆ ಕೆತ್ತಿಸಿದ್ದಾನೆ. ಯಾರೂ ಅವನನ್ನು ಕೇಳಿರಲಿಲ್ಲ, ತಾನಾಗೇ ಹೇಳಿಕೊಂಡ. ನನಗೆ ಬಾಟಲಿ ತಂದ ಸರ್ ನೆನಪಾದರು. ಗುರುಗಳಿಗೆ ಗೌರವ ಕೊಡಿ ಅನ್ನೋ ಶಾಸನ ಬಳ್ಳಾರಿಗೆ ಹೋಯಿತು, ಈ ಶಾಸನ ನಮ್ಮ ಪಾಲಿಗೆ ಬಂತು. ನಮ್ಮದೇ ವಾಸಿ ಅಂತ ಗೆಳತಿಗೆ ಮೆಲ್ಲಗೆ ಹೇಳಿದೆ, ಸರ್‌ಗೆ ಕೇಳಿಸಲಿಲ್ಲ. ಈಗ ಕೇಳಿಸುತ್ತೆ ಅನ್ಸುತ್ತೆ.

ಈಗ ಹತ್ತನೇ ಕ್ಲಾಸು. ಇಲ್ಲಿ ಕಥೆ ಕಡಿಮೆ, ಪಾಸಿಂಗ್ ಪ್ಯಾಕೇಜ್ ಜಾಸ್ತಿ. ಕೇಳುತ್ತಿರುವ ದೊಡ್ಡವರಿಗೆ ಗೊತ್ತಿರಲಿಕ್ಕಿಲ್ಲ, ಪರೀಕ್ಷೆಗೆ ಬರಬಹುದಾದ ಪ್ರಶ್ನೆಗಳನ್ನು ಆರಿಸಿ ಉತ್ತರ ಸಮೇತ ಕೊಡೋದಕ್ಕೆ ಆ ಹೆಸರು. ನಾನು ಅದನ್ನು ಬೈಯೋದಿಲ್ಲ. ಅದರಿಂದಲೇ ಪಾಸಾಗಿ ಪಿಯುಸಿಗೆ ಹೋದವರು ನಮ್ಮ ಓಣಿಯಲ್ಲೇ ಇದ್ದಾರೆ, ಇಲ್ಲದಿದ್ದರೆ ಅವರ ಮದುವೆ ಆಗಿಬಿಡುತ್ತಿತ್ತು. ಒಟ್ಟು 625 ಅಂಕ, ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಒಂದರಲ್ಲಿ ಹೋದರೆ ಇನ್ನೊಂದು. ಅದೆಲ್ಲ ಒಳ್ಳೆಯದೇ. ಆ ಪ್ಯಾಕೇಜಿನಲ್ಲಿ ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ನನ್ನ ಕೆಲಸ ಬರೀ ತುಂಬಿಸಿಕೊಳ್ಳೋದು.

ಕೊನೆಗೆ ಒಂದು ಮಾತು ಹೇಳಿ ಮುಗಿಸ್ತೀನಿ, ಮೇಡಂ ಗಡಿಯಾರ ತೋರಿಸುತ್ತಿದ್ದಾರೆ.

2025ರ ದಸರಾ ರಜೆ ಅಕ್ಟೋಬರ್ 18ರವರೆಗೆ ಉದ್ದವಾಯಿತು, ಸರ್‌ಗಳೆಲ್ಲ ಜಾತಿ ಸಮೀಕ್ಷೆಗೆ ಮನೆಮನೆ ತಿರುಗುತ್ತಿದ್ದರು. ನಮ್ಮ ಓಣಿಗೆ ಬಂದವರು ಗಣಿತದ ಸರ್. ಬಿಸಿಲಿನಲ್ಲಿ ಕರ್ರಗಾಗಿದ್ದರು. ನಾನು ಓಡಿಹೋಗಿ ನೀರು ತಂದುಕೊಟ್ಟೆ, ಅವ್ವ ಚಾ ಇಟ್ಟಳು. ಸರ್ ಕಟ್ಟೆಯ ಮೇಲೆ ಕೂತು ಫೋನ್ ತೆಗೆದರು. ನೆಟ್‌ವರ್ಕ್ ಬರಲಿಲ್ಲ, ಮಾಳಿಗೆ ಹತ್ತಿದರು, ಬಂತು, ಓಟಿಪಿ ಬರಲಿಲ್ಲ, ಬಂತು. ಆಮೇಲೆ ಪ್ರಶ್ನೆ ಶುರು. ಒಟ್ಟು 60 ಪ್ರಶ್ನೆ. ಹೊಲ ಎಷ್ಟು, ಕುರಿ ಎಷ್ಟು, ಸಾಲ ಇದೆಯಾ. ಮಾಳಿಗೆಯ ಮೇಲೆ ನಾನು ಬಿಸಿಲಿಗೆ ಒಂದು ಕೊಡೆ ಹಿಡಿದು ನಿಂತಿದ್ದೆ.

ಅವ್ವನ ಓದಿನ ವಿಷಯ ಬಂತು. ನಾಲ್ಕನೇ ಕ್ಲಾಸಿಗೆ ಬಿಟ್ಟೆ ಅಂದಳು. "ಯಾಕ ಬಿಟ್ರಿ ಯವ್ವಾ?" ಅಂತ ಸರ್ ಕೇಳಿದರು, ಫೋನ್ ನೋಡುತ್ತಲೇ.

ಬಡತನ ಅಂತ ಹೇಳ್ತಾಳೆ ಅಂತ ನಾನು ಅಂದುಕೊಂಡಿದ್ದೆ. "ನನ್ನ ತಾಯಿ" ಅನ್ನೋ ಪ್ರಬಂಧದಲ್ಲಿ ಎರಡು ಸಲ ಹಾಗೇ ಬರೆದಿದ್ದೇನೆ, ಮಾರ್ಕ್ಸ್ ಕೂಡ ಬಂದಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾಗಾಕಾರ ತಿಳೀಲಿಲ್ರಿ ಸರ" ಅಂದಳು. "ತಿಳೀಲಿಲ್ಲ ಅಂತ ಮಾಸ್ತರಿಗೆ ಹೇಳಿದೆ. ಹೊರಗ ಬಿಸಿಲಾಗ ನಿಂದ್ರಿಸಿದ್ರು. ಮರುದಿನ ನಮ್ಮವ್ವನ ಜೋಡಿ ಹತ್ತಿ ಬಿಡಸಾಕ ಹೋದೆ. ಅಷ್ಟರಿ. ಇದನ್ನ ಇಷ್ಟು ವರ್ಷದಾಗ ಯಾರೂ ಕೇಳಿದ್ದಿಲ್ಲ."

ನಾನೂ ಕೇಳಿರಲಿಲ್ಲ.

ಸರ್ ತಲೆ ಎತ್ತಿ ಅವ್ವನನ್ನು ನೋಡಿದರು. ಆಮೇಲೆ ಫೋನ್ ನೋಡಿದರು. ಅವ್ವ ಹೇಳಿದ ಕಾರಣ ಅದರೊಳಗೆ ಇರಲಿಲ್ಲ ಅನ್ಸುತ್ತೆ, ಬೆರಳು ಮೇಲೆ ಕೆಳಗೆ ಓಡಾಡಿಸಿ, ತುಂಬಾ ಹೊತ್ತಾದಮೇಲೆ ಯಾವುದೋ ಒಂದನ್ನು ಒತ್ತಿದರು. ಚಾ ಆರಿಹೋಗಿತ್ತು, ಹಾಗೇ ಕುಡಿದು ಮುಂದಿನ ಮನೆಗೆ ಹೋದರು.

ರಜೆ ಮುಗಿದು ಶಾಲೆ ಶುರುವಾಯಿತು. ಮೊದಲ ವಾರವೇ ಸರ್ ಒಂದು ಕಷ್ಟದ ಲೆಕ್ಕ ಮಾಡಿ, ಕೈ ಜಾಡಿಸಿ, ಎಂದಿನ ಹಾಗೆ "ತಿಳೀತೇನ್ರಿಪಾ?" ಅಂದರು. ನಾವೂ ಎಂದಿನ ಹಾಗೆ "ತಿಳೀತ್ರೀ ಸರ!" ಅಂದೆವು. ನಾನೂ ಅಂದೆ, ರೂಢಿ. ಮಧ್ಯಾಹ್ನ ಬಿಸಿಯೂಟ ಮುಗಿಸಿ ಸ್ಟಾಫ್ ರೂಮಿನ ಬಾಗಿಲಿಗೆ ಹೋಗಿ ನಿಂತೆ. "ಸರ, ಆ ಲೆಕ್ಕ ತಿಳೀಲಿಲ್ರಿ" ಅಂದೆ. "ಕ್ಲಾಸಿನ್ಯಾಗ ತಿಳೀತು ಅಂದ್ಯಲ್ಲ?" ಅಂದರು. ನಾನು ಏನೂ ಹೇಳಲಿಲ್ಲ. ಡಬ್ಬಿ ಮುಚ್ಚಿಟ್ಟು, ಒಂದು ಕುರ್ಚಿ ಎಳೆದು ಕೂರು ಅಂದರು. ಮರುದಿನ ನಾವು ನಾಲ್ಕು ಮಂದಿ ಹೋಗಿದ್ದೆವು. ಅದರಲ್ಲಿ ಇಬ್ಬರು, ಎಲ್ಲರಿಗಿಂತ ಜೋರಾಗಿ ಕೂಗೋರು.

ನಮಸ್ಕಾರ.